ಸಾಗರದಿಂದ ಸಿಮ್ರೌನ್‌ಗಢಕ್ಕೆ: ಅಪ್ಪನ ಜೀಪು ಗಡಿ ದಾಟಿದ ಲೆಕ್ಕ

ಜೂನ್ 2024, ಎರಡನೇ ವಾರ

ಜೀಪನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ತಳ್ಳಿದ್ದಷ್ಟೇ ಈ ವಾರದ ಕೆಲಸ. 2004ರ ಮಹೀಂದ್ರ ಮೇಜರ್, ಎಂಡಿಐ ಡೀಸೆಲ್ ಎಂಜಿನ್, ನಾಲ್ಕು ಗೇರು. ಅಪ್ಪ ತೀರಿಕೊಂಡ ಮೇಲೆ ಎರಡು ಮಳೆಗಾಲ ಅಡಿಕೆ ಸಿಪ್ಪೆಯ ರಾಶಿ ಪಕ್ಕದಲ್ಲೇ ನಿಂತಿತ್ತು. ಬ್ಯಾಟರಿ ಸತ್ತಿದೆ. ಹಿಂದಿನ ಎಡಗಾಲಿಯ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಆಯಿಲ್ ಪೂರ್ತಿ ಖಾಲಿ. ಬಲಗಡೆ ಸ್ಪ್ರಿಂಗ್ ಪಟ್ಟಿಯ ಮೈನ್ ಬ್ಲೇಡ್ ಕಟ್ಟಾಗಿದೆ. ಹುಡ್ಡಿನ ಟರ್ಪಾಲನ್ನು ಇಲಿ ತಿಂದಿದೆ. ಬೇರೆ ಬ್ಯಾಟರಿ ಹಚ್ಚಿ ನೋಡಿದೆ, ಮೂರನೇ ಸೆಲ್ಫ್ ಸ್ಟಾರ್ಟಿಗೆ ಎಂಜಿನ್ ಹಿಡಿಯಿತು. ಆ ಶಬ್ದ ಕೇಳಿ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಿಂತರು, ಏನೂ ಮಾತಾಡಲಿಲ್ಲ.

ಹೋಗಬೇಕಾದ್ದು ನೇಪಾಳಕ್ಕೆ. ಕಾಠ್ಮಂಡುವಿಗಲ್ಲ, ಪೋಖರಾಕ್ಕೂ ಅಲ್ಲ, ಬಿಹಾರದ ಗಡಿಗೆ ತಾಗಿಕೊಂಡಿರುವ ಬಾರಾ ಜಿಲ್ಲೆಯ ಸಿಮ್ರೌನ್‌ಗಢಕ್ಕೆ. ಈ ಹೆಸರು ನನ್ನ ತಲೆಗೆ ಹೊಕ್ಕಿದ್ದು ಹೈಸ್ಕೂಲಿನಲ್ಲಿ, ಬಳ್ಳಿಗಾವಿಗೆ ಪ್ರವಾಸ ಹೋದ ದಿನ. ಕೇದಾರೇಶ್ವರ ದೇವಸ್ಥಾನದ ಜಗಲಿಯಲ್ಲಿ ಬುತ್ತಿ ಬಿಚ್ಚಿದ್ದಾಗ ಮೇಷ್ಟ್ರು ಹೇಳಿದ್ದರು: ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯಕ್ಕೆ ರಾಜಧಾನಿಯಾಗಿದ್ದ ಊರು ಇದು, ಇದನ್ನಾಳಿದ ಕಲ್ಯಾಣ ಚಾಲುಕ್ಯರ ದಂಡು ಗೌಡ, ಕಾಮರೂಪದವರೆಗೆ, ಅಂದರೆ ಈಗಿನ ಬಂಗಾಳ, ಅಸ್ಸಾಮಿನವರೆಗೆ ಹೋಗಿತ್ತು, ಹಾಗೆ ಉತ್ತರಕ್ಕೆ ಹೋಗಿ ಅಲ್ಲೇ ಉಳಿದವರಲ್ಲಿ ನಾನ್ಯದೇವ ಅನ್ನುವವನು 1097ರಲ್ಲಿ ಹಿಮಾಲಯದ ಬುಡದಲ್ಲಿ ಈ ಸಿಮ್ರೌನ್‌ಗಢವನ್ನೇ ರಾಜಧಾನಿ ಮಾಡಿಕೊಂಡು ರಾಜ್ಯ ಕಟ್ಟಿ, ತನ್ನನ್ನು ಕರ್ಣಾಟಕುಲಭೂಷಣ ಎಂದು ಕರೆದುಕೊಂಡ. ಇಪ್ಪತ್ತೈದು ವರ್ಷ ಆ ಬಿರುದು ನನ್ನ ಜೊತೆಗೇ ಇತ್ತು. ನಾನ್ಯದೇವ ಬಳ್ಳಿಗಾವಿಯವನು ಎಂದು ನಾನು ಹೇಳುತ್ತಿಲ್ಲ. ಅವನು ಯಾವ ಊರಿನವನೆಂದು ಶಾಸನ ಹೇಳುವುದಿಲ್ಲ, ಚಾಲುಕ್ಯರ ದಂಡಿನೊಡನೆ ಬಂದವನಿರಬೇಕು ಎಂಬುದು ಇತಿಹಾಸಕಾರರ ಊಹೆ. ಕುಲದ ಹೆಸರು ಮಾತ್ರ ನಮ್ಮದು. ನನಗೆ ಅಷ್ಟು ಸಾಕು.

ಮೇಷ್ಟ್ರಿಗೀಗ 71. ಫೋನ್ ಮಾಡಿ ವಿಷಯ ಹೇಳಿದರೆ, "ಜೀಪಿಗೆ ಹಿಂದೆ ಒರಗಿಕೊಳ್ಳೋಕೆ ಏನಾದ್ರೂ ಮಾಡ್ಸು ಮಾರಾಯ, ನನ್ನ ಬೆನ್ನು ಮೊದಲಿನ ಹಾಗಿಲ್ಲ" ಅಂದರು. ಬರುತ್ತೀರಾ ಅಂತ ನಾನಿನ್ನೂ ಕೇಳಿಯೇ ಇರಲಿಲ್ಲ.

ಆಗಸ್ಟ್

ತೋಟಕ್ಕೆ ಎರಡನೇ ಔಷಧಿ ಮುಗಿಯುವವರೆಗೆ ಜೀಪಿನ ಕಡೆ ತಿರುಗಲು ಆಗಲಿಲ್ಲ. ಈ ಸಲದ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ತಡೆಯುವುದೇ ದೊಡ್ಡ ಕೆಲಸವಾಯಿತು, ಮೈಲುತುತ್ತದ ನೀಲಿ ಇನ್ನೂ ಉಗುರಿನಲ್ಲಿದೆ. ಮಳೆ ಬಿಟ್ಟ ನಾಲ್ಕು ದಿನದಲ್ಲಿ ನಾಲ್ಕೂ ಗಾಲಿಯ ಬ್ರೇಕ್ ಬಿಚ್ಚಿ ಸಿಲಿಂಡರ್ ಕಿಟ್, ಲೈನರ್ ಹೊಸದು ಹಾಕಿದೆವು. ಬ್ಲೇಡ್ ಸೆಟ್ಟನ್ನು ಶಿವಮೊಗ್ಗಕ್ಕೆ ಒಯ್ದು ಕಟ್ಟಿಸಿ ತಂದದ್ದಾಯಿತು. ರೇಡಿಯೇಟರ್ ಬಿಚ್ಚಿ ತೊಳೆಸಿದಾಗ ಅದರಿಂದ ಬಂದ ಕೆಸರು ನೋಡಿ, ಇಷ್ಟು ದಿನ ಇದು ಹೇಗೆ ಓಡಿತು ಅನ್ನಿಸಿತು.

ನಿಜವಾದ ರಿಪೇರಿ ಕಾಗದದ್ದು. ಆರ್‌ಸಿ ಅಪ್ಪನ ಹೆಸರಿನಲ್ಲಿದೆ. ಬೇರೆಯವರ ಗಾಡಿಯಾದರೆ ಮಾಲೀಕರ ಒಪ್ಪಿಗೆ ಪತ್ರ ಹಿಡಿದು ಗಡಿ ದಾಟಬಹುದು. ಮಾಲೀಕರೇ ಇಲ್ಲದ ಗಾಡಿಗೆ ಪತ್ರ ಕೊಡುವವರು ಯಾರು? ವಾಹನದ ಮಾಲೀಕ ತೀರಿಕೊಂಡರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31 ಎಂದು ಬೇರೆಯೇ ಇದೆ. ಮಾರಾಟಕ್ಕೆ ತುಂಬುವ 29, 30 ಇಲ್ಲಿ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಮೊದಲು 30 ತುಂಬಿಕೊಂಡು ಹೋಗಿ ಒಂದು ದಿನ ಹಾಳಾಯಿತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮನ ಮತ್ತು ಅಕ್ಕನ ಒಪ್ಪಿಗೆಯ ಅಫಿಡವಿಟ್ ಬೇಕಾಯಿತು. ಆರ್‌ಟಿಒ ಕಚೇರಿಗೆ ನಾಲ್ಕು ಸಲ ಓಡಾಡಿದೆ. ಮೂರನೇ ಸಲ ಹೋದಾಗ ಕೌಂಟರಿನವರು ಕಡತವೇ ಸಿಗುತ್ತಿಲ್ಲ ಅಂದರು. ಅಪ್ಪನ ಸಹಿ ಇದ್ದ ಹಳೆಯ ಚಲನ್ ಅದರಲ್ಲಿತ್ತು, ಅದಕ್ಕೇ ನನಗೆ ಸಿಟ್ಟಿಗಿಂತ ಸಂಕಟವಾಯಿತು. ನಾಲ್ಕನೇ ಸಲ ಸಿಕ್ಕಿತು.

2019ರ ಏಪ್ರಿಲ್‌ಗಿಂತ ಮೊದಲು ನೋಂದಣಿಯಾದ ಗಾಡಿ ಆದ್ದರಿಂದ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕೂಡ ಈಗಲೇ ಹಾಕಿಸಿದೆ. ಹಳೆಯ ಪ್ಲೇಟಿನಲ್ಲಿ ಅಪ್ಪ ಪೇಂಟರ್ ಕೈಲಿ ಬರೆಸಿದ್ದ ಕನ್ನಡ ಅಂಕಿಗಳಿದ್ದವು, ಅದನ್ನು ಒರೆಸಿ ಉಪ್ಪರಿಗೆಯಲ್ಲಿ ಇಟ್ಟಿದ್ದೇನೆ.

ಡಿಸೆಂಬರ್

ಅಡಿಕೆಗೊನೆ ಕೊಯ್ಲು ಶುರುವಾಗಿದೆ, ಹಗಲು ಪೂರ್ತಿ ಅದೇ. ರಾತ್ರಿ ಸುಲಿಯುವವರ ಮಧ್ಯೆ ಕೂತು ಪ್ರಯಾಣದ ಕಾಗದ ಜೋಡಿಸುತ್ತಿದ್ದೇನೆ.

ಇದೇ ದಾರಿ ಹಿಡಿಯುವವರಿಗೆ ಅನುಕೂಲವಾಗಲಿ ಅಂತ ತಿಳಿದದ್ದು ಬರೆಯುತ್ತೇನೆ. 1950ರ ಒಪ್ಪಂದದಿಂದಾಗಿ ನಮಗೆ ನೇಪಾಳಕ್ಕೆ ವೀಸಾ ಬೇಡ, ಆದರೆ ಗುರುತು ಬೇಕು. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ, ಇವೆರಡೇ. ಆಧಾರ್ ಎಲ್ಲದಕ್ಕೂ ಆಗುತ್ತದೆ ಅಂದುಕೊಂಡವರು ಗಡಿಯಲ್ಲಿ ಸಿಕ್ಕಿಬೀಳುತ್ತಾರೆ. 65 ದಾಟಿದವರಿಗೆ ಮತ್ತು 15 ತುಂಬದ ಮಕ್ಕಳಿಗೆ ಮಾತ್ರ ಅದು ನಡೆಯುತ್ತದೆ. ಮೇಷ್ಟ್ರ ಮತದಾರರ ಚೀಟಿಯಲ್ಲಿ ಮುಖವೇ ಅಳಿಸಿಹೋಗಿದೆ, ಹಾಗಾಗಿ ಅವರ ವಯಸ್ಸು ನಮ್ಮ ನೆರವಿಗೆ ಬಂತು. ದೂರದೇಶಗಳಿಗೆ ಗಾಡಿ ಒಯ್ಯುವಾಗ ಕೇಳುವ ಕಾರ್ನೆ ಪುಸ್ತಕ ನೇಪಾಳಕ್ಕೆ ಬೇಡ. ನಮ್ಮ ಡ್ರೈವಿಂಗ್ ಲೈಸೆನ್ಸೇ ಸಾಕು.

ಇನ್ಶೂರೆನ್ಸ್ ವಿಷಯ ಬಹಳ ಜನ ಬಿಟ್ಟುಬಿಡುತ್ತಾರೆ. ನಮ್ಮ ಪಾಲಿಸಿ ಭಾರತದ ಗಡಿಗೇ ಮುಗಿಯುತ್ತದೆ. ಹೆಚ್ಚಿನ ಪ್ರೀಮಿಯಂ ಕಟ್ಟಿ ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಈ ಆರು ದೇಶಗಳಿಗೆ ವ್ಯಾಪ್ತಿ ವಿಸ್ತರಿಸಿಕೊಳ್ಳಬಹುದು. ಅದು ಪಾಲಿಸಿಯ ಕಾಗದದಲ್ಲೇ ನಮೂದಾಗಬೇಕು, ಏಜೆಂಟರ ಬಾಯಿಮಾತು ಸಾಲದು. ಎರಡು ಸಲ ಕೇಳಿ ಬರೆಸಿಕೊಂಡೆ.

ಅಲ್ಲಿಯವರಿಗೆ ಕೊಡಲು ಐದು ಕಿಲೋ ಅಡಿಕೆ ಒಯ್ಯೋಣ ಎಂದು ಅಮ್ಮ ಚೀಲ ಕಟ್ಟಿಯೇಬಿಟ್ಟಿದ್ದರು. ಬೇಡ ಅಂದೆ. ನಮ್ಮ ಮಂಡಿಯಲ್ಲಿ ರೇಟು ಇಳಿದ ದಿನವೆಲ್ಲ ಕೇಳುವ ಮಾತು ಒಂದೇ, ಗಡಿಯಲ್ಲಿ ಕಳ್ಳ ಅಡಿಕೆ ನುಗ್ಗುತ್ತಿದೆ ಅಂತ. ಆಮದು ಸುಂಕ ನೂರಕ್ಕೆ ನೂರು ಇದೆ, 2023ರ ಫೆಬ್ರವರಿಯಿಂದ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯದ್ದನ್ನು ತರಿಸುವಂತೆಯೇ ಇಲ್ಲ. ಅಷ್ಟು ಎತ್ತರದ ಬೇಲಿ ಇರುವುದರಿಂದಲೇ ಕೆಳಗೆ ಕಂಡಿ ಕೊರೆಯುವವರು ಇರುವುದು. ಅಂಥ ಗಡಿಗೆ ಅಡಿಕೆ ಬೆಳೆಗಾರನೇ ಚೀಲ ಹೊತ್ತುಕೊಂಡು ಹೋಗಬಾರದು.

ಮಾರ್ಚ್ 2025

ಫೆಬ್ರವರಿಯಲ್ಲೇ ಹೊರಡಬೇಕಿತ್ತು. ಪ್ರಯಾಗದ ಕುಂಭಮೇಳಕ್ಕೆ ಹೋಗುವ ಗಾಡಿಗಳಿಂದ ಜಬಲ್‌ಪುರ, ಕಟನಿ, ರೀವಾ ದಾರಿ ಪೂರ್ತಿ ಕಟ್ಟಿಹೋಗಿತ್ತು. ಶಿವರಾತ್ರಿಗೆ ಮೇಳ ಮುಗಿಯಲಿ ಎಂದು ಕಾದು, ಮಾರ್ಚ್ 3ರ ಸೋಮವಾರ ಬೆಳಿಗ್ಗೆ ಐದೂವರೆಗೆ ಹೊರಟೆವು.

ದಾರಿಯ ಲೆಕ್ಕ ಚುಟುಕಾಗಿ: ಬಳ್ಳಾರಿ, ಹೈದರಾಬಾದ್, ಆದಿಲಾಬಾದ್, ಸಿವನಿ, ಮೈಹರ್, ವಾರಾಣಸಿ, ಗೋರಖ್‌ಪುರ, ರಕ್ಸೌಲ್. ಎಂಟು ದಿನ, ಸುಮಾರು 2,310 ಕಿಲೋಮೀಟರ್, 185 ಲೀಟರ್ ಡೀಸೆಲ್. ಗಂಟೆಗೆ 60ರ ಮೇಲೆ ಒಂದು ದಿನವೂ ಓಡಿಸಲಿಲ್ಲ. ಆದಿಲಾಬಾದ್ ದಾಟಿದ ಮೇಲೆ ರೇಡಿಯೇಟರಿನ ಕೆಳಗಿನ ಹೋಸ್ ಒಡೆಯಿತು. ಮನೆಯಿಂದ ತಂದ ಹೋಸ್ ಇತ್ತು, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಸಿವನಿಯ ಪೆಂಚ್ ಕಾಡಿನಲ್ಲಿ ಪ್ರಾಣಿಗಳು ಅಡಿಯಲ್ಲಿ ದಾಟಲೆಂದು ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ. ನಮ್ಮ ಘಟ್ಟದ ರಸ್ತೆಗಳಿಗೂ ಇದು ಬರಬೇಕು, ಬಹಳ ಬೇಗ ಬರಬೇಕು.

ಮೋತಿಹಾರಿ ಬಂದಾಗ ಮೇಷ್ಟ್ರು ಎದ್ದು ಕೂತರು. 1917ರಲ್ಲಿ ಗಾಂಧೀಜಿ ನೀಲಿ ಬೆಳೆಗಾರರ ಗೋಳು ಕೇಳಲು ಬಂದ ಚಂಪಾರಣ್ ಇದು. ಅಲ್ಲಿಂದ ಮುಂದೆ ಸುಗೌಲಿ. ಅಲ್ಲಿ ಜೀಪು ನಿಲ್ಲಿಸಿ ಚಹಾ ಕುಡಿದೆವು, ಯಾಕೆಂದರೆ ನಾವು ಮಾರನೇ ದಿನ ದಾಟಬೇಕಿದ್ದ ಗೆರೆ ಹುಟ್ಟಿದ್ದು ಆ ಊರಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಗೂ ಗೂರ್ಖರಿಗೂ ಯುದ್ಧವಾಗಿ, 1815ರ ಡಿಸೆಂಬರಿನಲ್ಲಿ ಅಲ್ಲೇ ಒಪ್ಪಂದಕ್ಕೆ ಸಹಿ ಬಿತ್ತು. ನಾನ್ಯದೇವನ ತಿರಹುತ ರಾಜ್ಯದ ಮೈಮೇಲೆ ಆ ಗೆರೆ ಹಾದುಹೋಗಿದೆ. ರಾಜ್ಯದ ಬಹುಪಾಲು ಬಿಹಾರದಲ್ಲಿ ಉಳಿಯಿತು, ಅವನ ಕೋಟೆ ಮಾತ್ರ ಸ್ವಲ್ಪದರಲ್ಲಿ ಆಚೆ ಸೇರಿತು.

ಮಾರ್ಚ್ 11, ಗಡಿ

ರಕ್ಸೌಲಿನ ಮುಖ್ಯರಸ್ತೆ ನೇರವಾಗಿ ಸೇತುವೆಗೆ ಹೋಗಿ ನಿಲ್ಲುತ್ತದೆ. ಮೈತ್ರಿ ಸೇತುವೆ. ಅಡಿಯಲ್ಲಿ ಹರಿಯುವ ಹೊಳೆಯ ಹೆಸರು ಸಿರ್ಸಿಯಾ ಎಂದು ಕೇಳಿ ಮೇಷ್ಟ್ರು "ಎಲ್ಲಿಗೆ ಬಂದ್ರೂ ಶಿರಸಿ ಬಿಡ್ಲಿಲ್ಲ ನೋಡು" ಎಂದು ಸಂತೋಷಪಟ್ಟರು. ಬಗ್ಗಿ ನೋಡಿದರೆ ನೀರು ಕಪ್ಪಾಗಿತ್ತು, ನೋಡಿ ಹೊಟ್ಟೆ ಉರಿಯಿತು.

ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಗಡಿಯೇ ಬೇರೆ. ತಂತಿಬೇಲಿ, ಗೋಪುರ, ಬಂದೂಕು. ಇಲ್ಲಿ ನೋಡಿದರೆ ಟಾಂಗಾಗಳು ಹೋಗುತ್ತಿವೆ, ಸೈಕಲ್ ರಿಕ್ಷಾದಲ್ಲಿ ಮದುವೆಯ ಸೀರೆಗಂಟು ಹೋಗುತ್ತಿದೆ, ಸಮವಸ್ತ್ರದ ಮಕ್ಕಳು ಹೋಗುತ್ತಿದ್ದಾರೆ. ಎರಡು ದೇಶಗಳ ನಡುವೆ 1,751 ಕಿಲೋಮೀಟರ್ ಗಡಿ, ಬಹುಪಾಲು ಹೀಗೇ ತೆರೆದದ್ದು. ನಮ್ಮ ಕಡೆ ಕಾಯುವವರು ಸಶಸ್ತ್ರ ಸೀಮಾ ಬಲದವರು. ನಡೆದುಹೋಗುವವರನ್ನು ಯಾರೂ ತಡೆದು ಕೇಳುತ್ತಿರಲಿಲ್ಲ, ನಮ್ಮ ಜೀಪನ್ನು ಮಾತ್ರ ಪಕ್ಕಕ್ಕೆ ಹಾಕಿಸಿದರು. ಮನುಷ್ಯರಿಗೆ ತೆರೆದಿರುವ ಗಡಿಯಲ್ಲೂ ಗಾಡಿಗೆ ಕಾಗದ ಬೇಕು. ಆರ್‌ಸಿಯಲ್ಲಿ ಈಗ ನನ್ನ ಹೆಸರು, ಅದರ ಕೆಳಗೆ ತಂದೆಯ ಹೆಸರಿನ ಜಾಗದಲ್ಲಿ ಅಪ್ಪ. ಜವಾನರು ಅದನ್ನು ಓದುವಾಗ ನನ್ನ ಎದೆ ಸ್ವಲ್ಪ ಭಾರವಾಗಿತ್ತು.

ಸೇತುವೆ ದಾಟಿದರೆ ಬೀರ್‌ಗಂಜ್. ಅಲ್ಲಿ ಕಸ್ಟಮ್ಸ್ ಕಚೇರಿಗೆ ಭನ್ಸಾರ್ ಅನ್ನುತ್ತಾರೆ. ಜೀಪು ನಿಲ್ಲಿಸುವ ಮೊದಲೇ ಇಬ್ಬರು ದಲ್ಲಾಳಿಗಳು ಬಾಗಿಲಿಗೆ ಬಂದರು. ಅವರ ಸಹವಾಸ ಬೇಡ, ಕೌಂಟರಿಗೆ ನೀವೇ ಹೋಗಿ. ಫಾರಂ ನೇಪಾಳಿಯಲ್ಲಿದ್ದರೂ ಲಿಪಿ ದೇವನಾಗರಿಯೇ, ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಮುಕ್ಕಾಲು ಪಾಲು ತಿಳಿಯಿತು. ಆರ್‌ಸಿ, ಲೈಸೆನ್ಸ್ ತೋರಿಸಿ, ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಸುಂಕ ಮೊದಲೇ ಕಟ್ಟಬೇಕು. ಎರಡು ದಿನದ ಕೆಲಸಕ್ಕೆ ಮೂರು ದಿನದ್ದು ಕಟ್ಟಿದೆ, ಯಾಕೆಂದರೆ ದಿನ ಮೀರಿದರೆ ದಂಡ, ಹಳೆಯ ಜೀಪು ಎಲ್ಲಿ ಕೈಕೊಡುತ್ತದೋ ಹೇಳಲಾಗದು. ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರಾ ಅರವತ್ತು; ಈ ದರ 1993ರಿಂದ ಬದಲಾಗಿಲ್ಲ. ನೂರಕ್ಕಿಂತ ದೊಡ್ಡ ನೋಟು ಒಯ್ಯಬಾರದೆಂಬ ನಿಯಮ ಆಗ ಇದ್ದುದರಿಂದ ಬ್ಯಾಂಕಿನಿಂದ ನೂರರ ಕಟ್ಟನ್ನೇ ತಂದಿದ್ದೆ.

ರಸೀದಿ ಕೈಗೆ ಬಂದಾಗ ಅದರ ಮೇಲೆ ತಾರೀಖು ಫಾಗುಣ 2081 ಎಂದಿತ್ತು. ಮೇಷ್ಟ್ರು ರಸೀದಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಇದು ವಿಕ್ರಮ ಸಂವತ್ ಅಲ್ವನಾ?"

"ಹೌದು ಮೇಷ್ಟ್ರೇ, ಇವರ ಸರ್ಕಾರಿ ಲೆಕ್ಕವೆಲ್ಲ ಇದರಲ್ಲೇ ಅಂತೆ. ನಮಗಿಂತ ಈಗ 56 ವರ್ಷ ಮುಂದೆ."

"ನಮ್ಮ ಆರನೇ ವಿಕ್ರಮಾದಿತ್ಯ 1076ರಲ್ಲಿ ಶಕವರ್ಷ ಬಿಟ್ಟು ತನ್ನದೇ ವಿಕ್ರಮವರ್ಷ ಶುರು ಮಾಡಿದ್ದ. ಈ ವಿಕ್ರಮ ಬೇರೆ, ಆ ವಿಕ್ರಮ ಬೇರೆ. ಆದ್ರೂ ನೋಡು, ಬಳ್ಳಿಗಾವಿ ಕಲ್ಲಿನ ಮೇಲೆ ಓದಿದ ಹೆಸರು ಇಲ್ಲಿ ಜೀಪಿನ ರಸೀದಿ ಮೇಲಿದೆ." ರಸೀದಿಯನ್ನು ಎರಡಾಗಿ ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ಹಿಂದಿರುಗುವಾಗ ಅದನ್ನು ತೋರಿಸಬೇಕು ಎಂದು ನಾನು ಮೂರು ಸಲ ನೆನಪಿಸಿದೆ. ಗಡಿಯಾರ ಹದಿನೈದು ನಿಮಿಷ ಮುಂದೆ ತಿರುಗಿಸಿಕೊಂಡು ಕಲೈಯಾ ಕಡೆ ಹೊರಟೆವು.

ಮಾರ್ಚ್ 12, ಸಿಮ್ರೌನ್‌ಗಢ

ಕೋಟೆ ಅಂದರೆ ಚಿತ್ರದುರ್ಗದಂಥದ್ದನ್ನು ನೆನೆಯಬೇಡಿ. ಒಂದರೊಳಗೊಂದು ಸುತ್ತಿದ ಮಣ್ಣಿನ ಏರಿಗಳು, ಈಗ ನಮ್ಮ ಕೆರೆಯ ದಂಡೆಯಂತೆ ಕಾಣುತ್ತವೆ. ಮೇಲೆ ದನ ಮೇಯುತ್ತವೆ, ಕೆಳಗೆ ಗೋಧಿ. 1324ರಲ್ಲಿ ಬಂಗಾಳದಿಂದ ಮರಳುತ್ತಿದ್ದ ಘಿಯಾಸುದ್ದೀನ್ ತುಘಲಕನ ಸೇನೆ ಇದನ್ನು ಹಾಳುಗೆಡವಿತು, ಕೊನೆಯ ಅರಸ ಹರಿಸಿಂಹದೇವ ಉತ್ತರದ ಬೆಟ್ಟಗಳತ್ತ ಓಡಿದ. ಮುಂದೆ ಕಾಠ್ಮಂಡು ಕಣಿವೆಯ ಮಲ್ಲ ಅರಸರು ತಾವು ಇದೇ ಕರ್ಣಾಟ ವಂಶದವರು ಎಂದು ಹೇಳಿಕೊಂಡರು. ಪಶುಪತಿನಾಥನ ಪೂಜೆಗೆ ಇವತ್ತಿಗೂ ಕರ್ನಾಟಕದ ಭಟ್ಟರೇ ಇದ್ದಾರೆ. ಅಲ್ಲಿಗೆ ಇನ್ನೊಮ್ಮೆ ಹೋಗಬೇಕು.

ಕಂಕಾಳಿ ದೇವಸ್ಥಾನದ ಬಳಿ ಹಳೆಯ ಕಪ್ಪು ಕಲ್ಲಿನ ವಿಗ್ರಹಗಳಿವೆ. ಮೇಷ್ಟ್ರು ಒಂದರ ಮುಂದೆ ಬಹಳ ಹೊತ್ತು ಕೂತರು. "ಕೆತ್ತನೆ ನಮ್ಮದಲ್ಲ, ಬಂಗಾಳದ ಕಡೆಯದ್ದು" ಅಂದರು. ನಾನು ಸ್ವಲ್ಪ ನಿರಾಶನಾದೆ. ಅವರು ಆಗಲಿಲ್ಲ. ಹೋದವರು ಅಲ್ಲಿಯವರೇ ಆಗಿಹೋದರು, ಇನ್ನೂರು ಚಿಲ್ಲರೆ ವರ್ಷ ಉಳಿಸಿಕೊಂಡಿದ್ದು ಹೆಸರೊಂದನ್ನೇ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ದಾರಿಯಲ್ಲಿ ಸಿಕ್ಕ ಹುಡುಗನೊಬ್ಬ ಭೋಜಪುರಿಯಲ್ಲಿ ಎಲ್ಲಿಂದ ಬಂದಿರೆಂದು ಕೇಳಿದ. ಕರ್ನಾಟಕ ಅಂದೆ. "ಹಮ್ಮ್, ಕರ್ಣಾಟ ರಾಜಾ" ಎಂದು ಏರಿಯ ಕಡೆ ಕೈ ತೋರಿಸಿ ಸೈಕಲ್ ತುಳಿದುಕೊಂಡು ಹೋದ.

ಮಾರ್ಚ್ 13

ಮಾರನೇ ದಿನ ಹೋಳಿ, ಆ ಗದ್ದಲಕ್ಕೆ ಮೊದಲೇ ಮರಳಿದೆವು. ಭನ್ಸಾರಿನಲ್ಲಿ ರಸೀದಿ ತೋರಿಸಿ ಐದು ನಿಮಿಷದಲ್ಲಿ ಮುಗಿಯಿತು. ಈಚೆ ಬಂದಾಗ ಜವಾನರೊಬ್ಬರು ನಂಬರ್ ಪ್ಲೇಟ್ ನೋಡಿದರು.

"ಕರ್ನಾಟಕ? ಸುಪಾರಿ ಹೈ ಕ್ಯಾ?"

ಮೇಷ್ಟ್ರ ಎಲೆಯಡಿಕೆ ಸಂಚಿ ತೆಗೆದು ಕೊಟ್ಟೆ. ಅಷ್ಟಕ್ಕೆ ಬಿಡಲಿಲ್ಲ. ಸೀಟು ಎತ್ತಿಸಿದರು, ಸ್ಟೆಪ್ನಿ ಇಳಿಸಿದರು, ಟೂಲ್ ಬಾಕ್ಸ್ ಬುಡಮೇಲು ಮಾಡಿದರು, ಹುಡ್ಡಿನ ಮಡಿಕೆಗೆ ಕೈ ಹಾಕಿದರು. ಐವತ್ತು ನಿಮಿಷ ಬಿಸಿಲಿನಲ್ಲಿ ನಿಂತೆವು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ, ಇನ್ನೂ ಚೆನ್ನಾಗಿ ಹುಡುಕಲಿ ಅನ್ನಿಸಿತು. ನಾನು ಅಡಿಕೆ ಬೆಳೆಗಾರ, ಪ್ರತಿ ಲಾರಿಯನ್ನೂ ಹೀಗೇ ನೋಡಿ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ನಕ್ಕು ಸ್ಟೆಪ್ನಿಗೆ ತಾವೇ ಕೈ ಕೊಟ್ಟು ಮೇಲೆತ್ತಿದರು.

ಸಂಚಿಯಲ್ಲಿದ್ದ ಆರು ಹೋಳೂ ವಾಪಸು ಬಂದವು. ಮೇಷ್ಟ್ರು ಒಂದನ್ನು ಬಾಯಿಗೆ ಹಾಕಿಕೊಂಡು ಜೀಪು ಹತ್ತಿದರು. ರಕ್ಸೌಲಿನಲ್ಲಿ 31 ಲೀಟರ್ ಡೀಸೆಲ್ ಹಾಕಿಸಿದೆ. ಫ್ಯಾನ್ ಬೆಲ್ಟ್ ಕಿರುಗುಡುತ್ತಿದೆ, ನಾಳೆ ಹೊರಡುವ ಮೊದಲು ಬಿಗಿ ಮಾಡಬೇಕು.