ಆರು ಗಂಟೆ, ನಾಲ್ಕು ಚಾಲಕರು, ಒಂದು ಚೆಕ್‌ರೋಲ್ ಹಾಳೆ

ಕಳೆದ ವರ್ಷ ಕೊಯಮತ್ತೂರಿನಲ್ಲಿ ನಡೆದ ಕ್ಲಬ್ ಮಟ್ಟದ ಆರು ಗಂಟೆಗಳ ರೇಸಿನಲ್ಲಿ ನಮ್ಮ ತಂಡ ಒಂದೂವರೆ ಸುತ್ತನ್ನು ಸುಮ್ಮನೆ ಕೈಬಿಟ್ಟಿತು. ಅದಕ್ಕೆ ಕಾರಣನಾದ ನಾನು ಆ ಹೊತ್ತಿನಲ್ಲಿ ಯಾವ ತಪ್ಪೂ ಇಲ್ಲದೆ ಕಾರು ಓಡಿಸುತ್ತಿದ್ದೆ. ರೇಸು ಶುರುವಾಗಿ 165 ನಿಮಿಷಗಳಾಗಿದ್ದಾಗ ಯಾವುದೋ ಕಾರು ಟ್ರ್ಯಾಕಿನ ಪಕ್ಕದ ಜಲ್ಲಿಯಲ್ಲಿ ಹೂತುಕೊಂಡಿತು. ಅದನ್ನು ಎಳೆದು ತೆಗೆಯುವವರೆಗೆ ಉಳಿದವರನ್ನು ತಡೆದಿಡಲು ಸೇಫ್ಟಿ ಕಾರ್ ಬಂತು. ಎಲ್ಲರೂ ಸಾಲುಗಟ್ಟಿ ನಿಧಾನವಾಗಿ ಸಾಗುವ ಅಂಥ ಹೊತ್ತಿನಲ್ಲಿ, ಟ್ರ್ಯಾಕಿನ ಪಕ್ಕದಲ್ಲಿ ತಂಡಗಳು ಕಾರು ನೋಡಿಕೊಳ್ಳುವ ಜಾಗವಾದ ಪಿಟ್‌ಗೆ ಬಂದು, ಪೆಟ್ರೋಲ್ ತುಂಬಿಸಿ, ಚಾಲಕರನ್ನು ಬದಲಾಯಿಸಿಕೊಂಡರೆ ಆಗುವ ನಷ್ಟ ಬಹಳ ಕಡಿಮೆ. ನಮ್ಮ ನಿಲುಗಡೆಗೆ ಐದು ನಿಮಿಷ ಹಿಡಿಯುತ್ತದೆ. ಓಟ ಬಿರುಸಾಗಿದ್ದರೆ ಅಷ್ಟರಲ್ಲಿ ಎದುರಾಳಿಗಳು ಮೂರೂವರೆ ಸುತ್ತು ಮುಗಿಸುತ್ತಾರೆ, ಸೇಫ್ಟಿ ಕಾರಿನ ಹಿಂದೆ ಎರಡೇ ಸುತ್ತು. ಪಿಟ್‌ನಲ್ಲಿದ್ದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ನನ್ನ ಪಾಳಿ 180ನೇ ನಿಮಿಷದವರೆಗೆ ಎಂದಿತ್ತು, ಆ ಹಾಳೆಯನ್ನು ಬರೆದ ನಾನು ಕಾರಿನೊಳಗಿದ್ದೆ, ರೇಡಿಯೊ ಅಷ್ಟರಲ್ಲಾಗಲೇ ಕೈಕೊಟ್ಟಿತ್ತು. ಬರೆದವನನ್ನು ಕೇಳದೆ ಹಾಳೆಯನ್ನು ತಿದ್ದುವ ಧೈರ್ಯ ಯಾರಿಗೂ ಬರಲಿಲ್ಲ.

ಹಾಗಾಗಿ ಈ ವರ್ಷ ಪಾಳಿಯ ಹಾಳೆಯನ್ನು ಬರೆಯುವ ಕೆಲಸವನ್ನು ಕಾರು ಓಡಿಸದವರೊಬ್ಬರಿಗೆ ವಹಿಸಿದೆವು. ಅವರು ಆಲ್ದೂರಿನ ಬಳಿಯ ನಮ್ಮ ತೋಟದಲ್ಲಿ ಬಹಳ ವರ್ಷ ರೈಟರಾಗಿ, ಅಂದರೆ ಲೆಕ್ಕಪತ್ರದ ಗುಮಾಸ್ತರಾಗಿ ಇದ್ದವರು. ಕಾರ್ ರೇಸಿನ ಬಗ್ಗೆ ಅವರಿಗೆ ವಿಶೇಷ ಆಸಕ್ತಿಯೇನಿಲ್ಲ. ಆದರೆ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರೊಬಸ್ಟಾ ಗಿಡಗಳಿಗೆ ಹೂವಿಗಾಗಿ ನೀರು ಹಾಯಿಸುವಾಗ, ಸ್ಪ್ರಿಂಕ್ಲರ್ ಪೈಪುಗಳನ್ನು ಹಗಲೂ ರಾತ್ರಿಯೂ ಜಾಗದಿಂದ ಜಾಗಕ್ಕೆ ಬದಲಾಯಿಸುತ್ತ, ಯಾವ ಪಾಳಿಗೆ ಯಾರು, ಡೀಸೆಲ್ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಜ್ವರ ಬಂದು ಮಲಗಿದವನ ಬದಲಿಗೆ ಯಾರನ್ನು ಕಳುಹಿಸಬೇಕು ಎಂಬುದನ್ನೆಲ್ಲ ಆಳುಗಳ ಹಾಜರಿ ಬರೆಯುವ ಒಂದು ಚೆಕ್‌ರೋಲ್ ಹಾಳೆಯಲ್ಲಿ ಹಿಡಿದಿಟ್ಟವರು ಅವರು. ದೀರ್ಘ ಓಟದ ಲೆಕ್ಕವೂ ಹೆಚ್ಚುಕಡಿಮೆ ಅದೇ.

ನಮ್ಮ ಊರಿನ ಕಡೆ ಕಾರ್ ಸ್ಪರ್ಧೆ ಎಂದರೆ ರ‍್ಯಾಲಿ. ಕಾಫಿ ತೋಟಗಳ ನಡುವಿನ ಮಣ್ಣಿನ ದಾರಿಗಳಲ್ಲಿ ಒಬ್ಬ ಚಾಲಕ ಮತ್ತು ಅವನ ಪಕ್ಕದಲ್ಲಿ ದಾರಿಯ ಟಿಪ್ಪಣಿ ಓದುವ ಒಬ್ಬ ನ್ಯಾವಿಗೇಟರ್ ಕೂತರೆ, ಬೆಳಗಿನಿಂದ ಸಂಜೆಯವರೆಗೆ ಸ್ಟೀರಿಂಗ್ ಆ ಚಾಲಕನ ಕೈಯಲ್ಲೇ ಇರುತ್ತದೆ. ಈ ಅಭ್ಯಾಸದಲ್ಲಿ ಬೆಳೆದವರಿಗೆ ಚೆನ್ನಾಗಿ ಓಡುತ್ತಿರುವ ಕಾರನ್ನು ಇನ್ನೊಬ್ಬರಿಗೆ ಒಪ್ಪಿಸಿ ಇಳಿಯುವುದು ನಿಜಕ್ಕೂ ಕಷ್ಟ. ನಮ್ಮ ನಾಲ್ವರಲ್ಲಿ ಅತಿ ವೇಗದ ಚಾಲಕರಾದ, ಮೂಡಿಗೆರೆಯ ನಮ್ಮ ಭಾವ ಹೀಗೆ ರ‍್ಯಾಲಿಯಿಂದ ಬಂದವರು. ಚಿಕ್ಕಮಗಳೂರು ಪೇಟೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಗೆಳೆಯ, ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುವ ಅವನ ತಂಗಿ ಮತ್ತು ನಾನು ಉಳಿದ ಮೂವರು.

ಪಾಳಿಯ ಲೆಕ್ಕವನ್ನು ಚಾಲಕರಿಂದಲ್ಲ, ಪೆಟ್ರೋಲ್ ಟ್ಯಾಂಕಿನಿಂದ ಶುರುಮಾಡಬೇಕು. ರೇಸು ನಡೆಯುವ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿನ ಒಂದು ಸುತ್ತು 2.1 ಕಿಲೋಮೀಟರ್. ನಮ್ಮ ಹಳೆಯ ಕಾರು ಅದನ್ನು ಸುಮಾರು 84 ಸೆಕೆಂಡುಗಳಲ್ಲಿ ಮುಗಿಸುತ್ತದೆ, ಸುತ್ತಿಗೆ ಅರ್ಧ ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಟ್ಯಾಂಕಿಗೆ 42 ಲೀಟರ್ ಹಿಡಿಯುತ್ತದಾದರೂ ಕೊನೆಯ ನಾಲ್ಕು ಲೀಟರನ್ನು ನಂಬುವಂತಿಲ್ಲ. ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಪೆಟ್ರೋಲೆಲ್ಲ ಒಂದು ಬದಿಗೆ ಸರಿದು, ಪಂಪು ಬರೀ ಗಾಳಿ ಎಳೆದು, ಎಂಜಿನ್ ಮುಗ್ಗರಿಸತೊಡಗುತ್ತದೆ. ಉಳಿದ 38 ಲೀಟರಿಗೆ 76 ಸುತ್ತು, ಅಂದರೆ 106 ನಿಮಿಷ. ರೈಟರು ಅದನ್ನು ನೂರಕ್ಕೆ ಇಳಿಸಿದರು. ಆರು ಗಂಟೆ ಎಂದರೆ 360 ನಿಮಿಷ. ಮೂರು ಪಾಳಿಗೆ ಸಾಲದು, ನಾಲ್ಕು ಪಾಳಿಯಾದರೆ 40 ನಿಮಿಷದ ಸಡಿಲ ಸಿಗುತ್ತದೆ. ಸಮವಾಗಿ ಹಂಚಿದರೆ ತಲಾ 90 ನಿಮಿಷ. ಕಳೆದ ವರ್ಷ ನಾನು ಇಲ್ಲಿಗೇ ಲೆಕ್ಕ ನಿಲ್ಲಿಸಿ 90, 180, 270 ಎಂದು ಬರೆದು ಕೈತೊಳೆದುಕೊಂಡಿದ್ದೆ.

ರೈಟರ ಹಾಳೆಯಲ್ಲಿ ಪ್ರತಿ ಬದಲಾವಣೆಗೂ ಒಂದರ ಬದಲು ಎರಡು ಹೊತ್ತುಗಳಿವೆ. ಮೊದಲನೆಯದು, ಇದಕ್ಕಿಂತ ಮುಂಚೆ ಬಂದರೆ ಮುಂದೆ ಇನ್ನೊಂದು ಸಲ ಪೆಟ್ರೋಲಿಗಾಗಿ ನಿಲ್ಲಬೇಕಾದೀತು ಎನ್ನುವ ಹೊತ್ತು. ಅದನ್ನು ರೇಸಿನ ಕೊನೆಯಿಂದ ನೂರು ನೂರು ನಿಮಿಷ ಹಿಂದಕ್ಕೆ ಎಣಿಸುತ್ತ ಬಂದು 60, 160, 260 ಎಂದು ಗುರುತಿಸಿದ್ದಾರೆ. ಎರಡನೆಯದು, ಇದನ್ನು ದಾಟಿದರೆ ಟ್ಯಾಂಕು ಬರಿದಾದೀತು ಎನ್ನುವ ಹೊತ್ತು; ಅದು ಹಿಂದಿನ ಸಲ ಟ್ಯಾಂಕು ತುಂಬಿಸಿದ ಗಳಿಗೆಯಿಂದ ಮುಂದಕ್ಕೆ ನೂರು ನಿಮಿಷ. ಮೊದಲ ಗಡಿ ಕದಲುವುದಿಲ್ಲ. ಎರಡನೆಯದು ಪ್ರತಿ ನಿಲುಗಡೆಯ ನಂತರ ಬದಲಾಗುವುದರಿಂದ ಆ ಅಂಕಣವನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಈ ಎರಡು ಗಡಿಗಳ ನಡುವೆ ಸೇಫ್ಟಿ ಕಾರ್ ಕಾಣಿಸಿಕೊಂಡು, ಪಿಟ್ ಪ್ರವೇಶಕ್ಕೆ ತಡೆಯಿಲ್ಲದಿದ್ದರೆ ಯಾರನ್ನೂ ಕೇಳದೆ ಕಾರನ್ನು ಒಳಗೆ ಕರೆಯುವ ಅಧಿಕಾರ ಹಾಳೆ ಹಿಡಿದವರದು. ಕಳೆದ ವರ್ಷದ ಆ 165ನೇ ನಿಮಿಷ 160ರಿಂದಾಚೆಗೇ ಇತ್ತು ಎಂಬುದನ್ನು ಅವರು ಏನೂ ಹೇಳದೆ ಬೆರಳಿಟ್ಟು ತೋರಿಸಿದರು.

ಯಾರು ಯಾವ ಪಾಳಿಗೆ ಎಂಬ ಪ್ರಶ್ನೆಯೇ ಹೆಚ್ಚು ದಿನ ತೆಗೆದುಕೊಂಡಿತು. ಚಿಕ್ಕಮಗಳೂರಿನ ತಂಪಿನಲ್ಲಿ ಅಭ್ಯಾಸ ಮಾಡಿ ಕೊಯಮತ್ತೂರಿನ ಮಾರ್ಚ್ ತಿಂಗಳ ಮಧ್ಯಾಹ್ನಕ್ಕೆ ಹೋಗುವವರಿಗೆ ಸೆಕೆಯೇ ಮೊದಲ ಎದುರಾಳಿ. ಎ.ಸಿ. ಕಿತ್ತುಹಾಕಿದ ಕಾರಿನಲ್ಲಿ, ಬೆಂಕಿ ತಡೆಯುವ ದಪ್ಪ ಸೂಟು, ಅದರೊಳಗೊಂದು ಬನಿಯನ್ನು, ತಲೆಗವಸು, ಹೆಲ್ಮೆಟ್, ಗ್ಲೌಸು ಇಷ್ಟನ್ನೂ ತೊಟ್ಟು ಕೂತವರ ಮೈಯಿಂದ ನೀರು ಇಳಿಯುತ್ತಲೇ ಇರುತ್ತದೆ, ಮತ್ತು ದೇಹದ ತೂಕದ ನೂರಕ್ಕೆ ಎರಡು ಪಾಲಿನಷ್ಟು ನೀರು ಹೋದಾಗಲೇ ಗಮನ ಮತ್ತು ತೀರ್ಮಾನ ಸಡಿಲವಾಗತೊಡಗುತ್ತವೆ. ಕಾಫಿ ಮೂಟೆ ತೂಗುವ ತೋಟದ ತಕ್ಕಡಿಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗಿ, ಅಭ್ಯಾಸದ ದಿನ ಪ್ರತಿಯೊಬ್ಬರನ್ನೂ ಒಂದು ಗಂಟೆ ಓಡಿಸುವ ಮುಂಚೆ ಮತ್ತು ಓಡಿಸಿದ ಮೇಲೆ ಅದರ ಮೇಲೆ ನಿಲ್ಲಿಸಿದೆವು. 84 ಕಿಲೋ ತೂಗುವ ಭಾವ 1.6 ಕಿಲೋ ಇಳಿದಿದ್ದರು. 52 ಕಿಲೋ ತೂಗುವ ಉಪನ್ಯಾಸಕಿ ಬರೀ 600 ಗ್ರಾಂ. ಒಂದೂವರೆ ಗಂಟೆಗೆ ಲೆಕ್ಕ ಹಾಕಿದರೆ ಭಾವ ಎರಡರ ಗೆರೆಯನ್ನು ದಾಟಿ ಮೂರರ ಹತ್ತಿರ ಹೋಗುತ್ತಾರೆ, ಆಕೆ ಗೆರೆಯ ಈಚೆಗೇ ಉಳಿಯುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ಶುರುವಾಗುವ ರೇಸಿನಲ್ಲಿ ಒಂದರಿಂದ ಎರಡೂವರೆಯವರೆಗಿನ ಸುಡುಬಿಸಿಲಿನ ಪಾಳಿ ಯಾರದೆಂದು ತಕ್ಕಡಿಯೇ ತೀರ್ಮಾನಿಸಿತು.

ಆಕೆ ನಮ್ಮೆಲ್ಲರಿಗಿಂತ ನಿಧಾನ ಎಂಬ ಗೊಣಗಾಟವೂ ಇತ್ತು. ಹೌದು, ಸುತ್ತಿಗೆ ಮೂರು ಸೆಕೆಂಡು ನಿಧಾನ. 90 ನಿಮಿಷದ ಪಾಳಿಯ 64 ಸುತ್ತಿಗೆ ಅದು ಮೂರು ನಿಮಿಷಕ್ಕಿಂತ ತುಸು ಹೆಚ್ಚು, ಅಂದರೆ ಎರಡು ಸುತ್ತಿನ ನಷ್ಟ. ಆದರೆ ಅಭ್ಯಾಸದ ದಿನ ಆಕೆಯ ಒಂದು ಸುತ್ತಿಗೂ ಇನ್ನೊಂದಕ್ಕೂ ಅರ್ಧ ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ, ಕಾರು ಒಮ್ಮೆಯೂ ಡಾಂಬರು ಬಿಟ್ಟು ಇಳಿಯಲಿಲ್ಲ. ಭಾವ ಅದೇ ದಿನ ಒಮ್ಮೆ ಗಿರಕಿ ಹೊಡೆದು ಜಲ್ಲಿಗಿಳಿದರು; ಎಳೆಸಿಕೊಂಡು, ಟೈರು ಮತ್ತು ಬ್ರೇಕಿನೊಳಗೆ ಸಿಕ್ಕಿದ ಕಲ್ಲು ತೆಗೆಸಿಕೊಂಡು ಮತ್ತೆ ಹೊರಡಲು ಹನ್ನೊಂದು ನಿಮಿಷ ಹಿಡಿಯಿತು. ಹವ್ಯಾಸಿ ತಂಡಗಳು ಒಬ್ಬರ ಅತ್ಯುತ್ತಮ ಸುತ್ತನ್ನು ನೋಡಿ ಪಾಳಿ ಹಂಚುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನೋಡಬೇಕಾದ್ದು ಅವರ ನಲವತ್ತನೆಯ ಸುತ್ತನ್ನು, ಆಯಾಸವಾದ ಮೇಲಿನದನ್ನು.

ಮೊದಲ ಪಾಳಿಗೆ ಭಾವ ಪಟ್ಟು ಹಿಡಿದರು. ಶುರುವಿನ ನೂಕುನುಗ್ಗಲಿನಲ್ಲಿ ತಾಳ್ಮೆ ಕಳೆದುಕೊಳ್ಳದ, ಕಾರಿನ ಸದ್ದು ಕೇಳಿಯೇ ಏನು ಸವೆದಿದೆ ಎಂದು ಹೇಳಬಲ್ಲ ಗ್ಯಾರೇಜಿನ ಗೆಳೆಯನನ್ನು ರೈಟರು ಆ ಜಾಗಕ್ಕೆ ಬರೆದಿದ್ದರು.

“ನಾನು ಕೊನೆಗೆ ಕೂತರೆ ನನಗೇನು ಉಳಿದಿರುತ್ತೆ ರೈಟ್ರೇ?” ಎಂದು ಭಾವ ಕೇಳಿದರು.

“ಕಾರು ಉಳಿದಿರುತ್ತೆ ಗೌಡ್ರೇ. ಬಿಸಿಲು ಇಳೀತಾ ಇರುತ್ತೆ, ಪೆಟ್ರೋಲು ಉಳಿಸೋ ಚಿಂತೆ ಇರಲ್ಲ, ಎಷ್ಟು ಬೇಕೋ ಅಷ್ಟು ಓಡಿಸಿ” ಎಂದರು ರೈಟರು.

ಇಳಿಯಲಾರದವರ ಕತೆಗಳಲ್ಲಿ ಭಾವನಿಗೆ ನಾನು ಹೇಳಿದ್ದು ಫ್ರಾನ್ಸಿನಲ್ಲಿ ನಡೆದ 1952ರ ಲ ಮಾನ್ಸ್ 24 ಗಂಟೆಗಳ ರೇಸಿನದು. ಫ್ರಾನ್ಸಿನ ಪಿಯೆರ್ ಲೆವೆಗ್ ಜೊತೆಗಾರ ಪಿಟ್‌ನಲ್ಲಿ ಸಿದ್ಧನಿದ್ದರೂ ಸ್ಟೀರಿಂಗ್ ಬಿಟ್ಟುಕೊಡದೆ ತನ್ನ ಟಾಲ್ಬೊ ಕಾರನ್ನು ಒಬ್ಬನೇ ಓಡಿಸುತ್ತ ಮುಂಚೂಣಿಯಲ್ಲಿದ್ದ. ಇನ್ನು ಸುಮಾರು ಒಂದು ಗಂಟೆ ಉಳಿದಿದೆ ಎನ್ನುವಾಗ ಎಂಜಿನ್ ಕೆಟ್ಟಿತು, ಗೆಲುವು ಮರ್ಸಿಡಿಸ್ ಪಾಲಾಯಿತು. ಇಂದು ಅಲ್ಲಿ ಯಾವ ಚಾಲಕನೂ ಆರು ಗಂಟೆಗಳ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಇಡೀ ರೇಸಿನಲ್ಲಿ 14 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಭಾವ ಕತೆ ಕೇಳಿ, ಆತ ಒಬ್ಬನೇ ಅಷ್ಟು ಹೊತ್ತು ಓಡಿಸಿದ್ದನ್ನು ಮೆಚ್ಚಿಕೊಂಡರೇ ಹೊರತು ನನ್ನ ಉದ್ದೇಶವನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಆದರೂ ಕೊನೆಯ ಪಾಳಿಗೆ ಒಪ್ಪಿದರು.

ಚಾಲಕರ ಬದಲಾವಣೆಯ ಅಭ್ಯಾಸಕ್ಕೆ ಕೊಯ್ಲು ಮುಗಿದು ಖಾಲಿಯಾಗಿದ್ದ ಕಾಫಿ ಕಣ ಒದಗಿತು. ಕಾರನ್ನು ಕಣದ ನಡುವೆ ನಿಲ್ಲಿಸಿ, ಒಬ್ಬರು ಇಳಿದು ಇನ್ನೊಬ್ಬರು ಕೂತು ಬೆಲ್ಟು ಬಿಗಿದು ಕೈ ಎತ್ತುವವರೆಗೆ ಗಡಿಯಾರ ಹಿಡಿದರೆ, ಮೊದಲ ದಿನ ಮೂರು ನಿಮಿಷ ಹತ್ತು ಸೆಕೆಂಡಾಯಿತು. ಅದರಲ್ಲಿ ಒಂದು ನಿಮಿಷ ಬರೀ ಬೆಲ್ಟು ಹುಡುಕಲು ಹೋಗುತ್ತಿತ್ತು: ಹೆಗಲ ಮೇಲಿನವೆರಡು, ಸೊಂಟದವೆರಡು, ತೊಡೆಗಳ ನಡುವಿನವೆರಡು, ಒಟ್ಟು ಆರು ಪಟ್ಟಿಗಳಲ್ಲಿ ಒಂದಾದರೂ ಹೊಸಬರ ಕುಂಡೆಯ ಅಡಿಗೆ ಸಿಕ್ಕಿಕೊಂಡಿರುತ್ತಿತ್ತು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಕಾರು ಪಲ್ಟಿಯಾದರೂ ಒಳಗಿನವರನ್ನು ಕಾಯುವ ರೋಲ್ ಕೇಜಿನ ಕಂಬಿಗಳಿಗೆ ಕಟ್ಟಿ, ಬಿಚ್ಚಿದ ಬೆಲ್ಟುಗಳು ತಾವಾಗಿಯೇ ಹೊರಕ್ಕೆ ಎಳೆದುಕೊಂಡು ನಿಲ್ಲುವಂತೆ ಗೆಳೆಯ ಮಾಡಿದ ಮೇಲೆ ಆ ತೊಂದರೆ ತಪ್ಪಿತು. ಭಾವ ಆರಡಿ, ಉಪನ್ಯಾಸಕಿ ಐದಡಿ. ಸೀಟನ್ನು ಹಿಂದೆ ಮುಂದೆ ಸರಿಸುವ ಬದಲು ಭಾವನ ಅಳತೆಗೇ ನಿಲ್ಲಿಸಿ, ಆಕೆಯ ಬೆನ್ನಿಗೊಂದು ಅಡಿಗೊಂದು ಗಟ್ಟಿ ದಿಂಬನ್ನು, ಬೆಂಕಿ ಹತ್ತದ ಬಟ್ಟೆ ಹೊದಿಸಿ ಹೊಲಿಸಿದೆವು. ಈಗ ಒಂದು ನಿಮಿಷ ಐವತ್ತು ಸೆಕೆಂಡು. ಪೆಟ್ರೋಲ್ ತುಂಬಿಸುವಾಗ ಎಂಜಿನ್ ಆರಿರಬೇಕು, ಕಾರಿನೊಳಗೆ ಯಾರೂ ಇರಬಾರದು ಎಂಬುದು ನಮ್ಮದೇ ನಿಯಮ. ಅದರಲ್ಲಿ ಸಮಯ ಉಳಿಸುವ ಮಾತನ್ನು ಯಾರೂ ಎತ್ತುವುದಿಲ್ಲ.

ಎರಡು ಹೊತ್ತುಗಳ ಹಾಳೆಯಿಂದ ಹುಟ್ಟಿದ ಹೊಸ ತೊಂದರೆಯೊಂದಿದೆ. ಕಾರು ಯಾವಾಗ ಬೇಕಾದರೂ ಬರಬಹುದಾದ್ದರಿಂದ ಮುಂದಿನ ಚಾಲಕರು ಮೊದಲ ಗಡಿಯಿಂದಲೇ ಸಿದ್ಧರಿರಬೇಕು, ಆದರೆ ಅರ್ಧ ಗಂಟೆ ಸೂಟು ತೊಟ್ಟು ಬಿಸಿಲಲ್ಲಿ ನಿಂತರೆ ಕೂರುವ ಮುಂಚೆಯೇ ಅರ್ಧ ಕಿಲೋ ಇಳಿದಿರುತ್ತದೆ. ಸೂಟನ್ನು ಸೊಂಟದವರೆಗೆ ಏರಿಸಿ ತೋಳುಗಳನ್ನು ಮುಂದೆ ಗಂಟು ಹಾಕಿಕೊಂಡು, ನೆರಳಿನಲ್ಲಿ ಉಪ್ಪು ಹಾಕಿದ ನಿಂಬೆ ಪಾನಕ ಕುಡಿಯುತ್ತ ಕೂರುವುದು ಸದ್ಯದ ಪರಿಹಾರ. ಪ್ರತಿ ಸಾಲಿನ ಪಕ್ಕದಲ್ಲಿ ಒಬ್ಬ ಬದಲಿಯ ಹೆಸರೂ ಇದೆ. 2009ರಲ್ಲಿ ಕೊಯಮತ್ತೂರಿನವರೇ ಆದ ರೇಸ್ ಚಾಲಕ ನರೇನ್ ಕಾರ್ತಿಕೇಯನ್ ಲ ಮಾನ್ಸ್‌ಗೆ ಹೋಗಿದ್ದಾಗ, ರೇಸು ಶುರುವಾಗುವ ಮುನ್ನ ಬಿದ್ದು ಭುಜದ ಕೀಲು ತಪ್ಪಿಸಿಕೊಂಡು ಕಾರು ಹತ್ತಲಾಗಲಿಲ್ಲ. ಮೂವರು ಹಂಚಿಕೊಳ್ಳಬೇಕಿದ್ದ 24 ಗಂಟೆಗಳನ್ನು ಆಂಡ್ರೆ ಲಾಟರರ್ ಮತ್ತು ಚಾರ್ಲ್ಸ್ ಜ್ವಾಲ್ಸ್‌ಮನ್ ಇಬ್ಬರೇ ಓಡಿಸಿ ಆ ಆಡಿ ಕಾರನ್ನು ಏಳನೆಯ ಸ್ಥಾನಕ್ಕೆ ತಂದರು. ನಮ್ಮಲ್ಲಿ ಅಂಥ ಶಕ್ತಿಯಿಲ್ಲ. ಮೂರನೆಯ ಪಾಳಿಗೆ ಯಾರಾದರೂ ತಪ್ಪಿದರೆ ಅಷ್ಟರಲ್ಲಿ ಸಾಕಷ್ಟು ದಣಿವಾರಿಸಿಕೊಂಡಿರುವ ಮೊದಲ ಪಾಳಿಯವನು ಮತ್ತೆ ಕೂರುತ್ತಾನೆ. ಬದಲಿ ಎಂದರೆ ನಮಗೆ ಇಷ್ಟೇ.

ರೇಡಿಯೊ ಈ ಸಲವೂ ಕೈಕೊಡಬಹುದೆಂದು ಕಪ್ಪು ಹಲಗೆಯೊಂದನ್ನು ಮಾಡಿಸಿದ್ದೇವೆ. ಅದರ ಮೇಲೆ “ಬಾ” ಎಂದು ಕಂಡರೆ ಆ ಸುತ್ತು ಮುಗಿಸಿ ಒಳಗೆ ಬರಬೇಕು, ಒಳಗೆ ಬಂದ ಮೇಲೆ ಕಾರಣ ಕೇಳಬಹುದು.

ಹಾಳೆಯಲ್ಲಿ ನಾಲ್ಕು ಪಾಳಿಗಳ ಕೆಳಗೆ ಐದನೆಯ ಸಾಲೊಂದಿದೆ. ಸತ್ಯಮಂಗಲದ ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ರೇಸಿನ ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ಕಾರನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಚಾಮರಾಜನಗರ, ಮೈಸೂರು, ಹಾಸನ ಮಾರ್ಗವಾಗಿ ಊರು ಸೇರಬೇಕು. ಕಳೆದ ವರ್ಷ ಇದನ್ನು ಯಾರೂ ಯೋಚಿಸಿರಲಿಲ್ಲ. ಕೊನೆಯ ಪಾಳಿ ಓಡಿಸಿ ಬಳಲಿದವರೇ ಪಿಕಪ್ಪನ್ನೂ ಓಡಿಸಿದ್ದರು. ಈ ವರ್ಷ ಆ ಸಾಲಿನಲ್ಲಿ, ಹನ್ನೊಂದೂವರೆಯಿಂದ ಒಂದರವರೆಗಿನ ಪಾಳಿ ಮುಗಿಸಿ ಉಳಿದ ಹೊತ್ತೆಲ್ಲ ಸುಮ್ಮನಿರುವವನೆಂದು, ರೈಟರು ನನ್ನ ಹೆಸರನ್ನು ಪೆನ್ಸಿಲಿನಲ್ಲಲ್ಲ, ಶಾಯಿಯಲ್ಲಿ ಬರೆದಿದ್ದಾರೆ.