ಮಿಸ್ಟರ್ ಬೀನ್: ವಿಸಿಡಿ ಬೇಡ, ಡಿವಿಡಿ ಕೊಳ್ಳಿ
ದಾವಣಗೆರೆಯ ಬೀನ್ ಅಭಿಮಾನಿಗಳು ಸೇರಿದರೆ ವಾದ ಒಂದೇ: ವಿಸಿಡಿ ಸಾಕೋ, ಡಿವಿಡಿಯೇ ಬೇಕೋ? ಡಿವಿಡಿಯೇ ಬೇಕು. ವಿಸಿಡಿ ಚಿತ್ರ ಬರೀ 352×288 ಪಿಕ್ಸೆಲ್ (ಚಿತ್ರದ ಚುಕ್ಕಿ), ಪಾಲ್ (PAL ಅನ್ನೋ ಟಿವಿ ಪದ್ಧತಿಯ) ಡಿವಿಡಿಯದು 720×576. ಮಾತು ಕಮ್ಮಿ ಇರೋ ಈ ಹಾಸ್ಯ ನಿಂತಿರೋದೇ ಬೀನ್ ಪಾತ್ರಧಾರಿ ರೋವನ್ ಅಟ್ಕಿನ್ಸನ್ ಹುಬ್ಬಿನ ಮೇಲೆ. ಅದೇ ಮಸುಕಾದರೆ ನಗು ಎಲ್ಲಿಂದ ಬರಬೇಕು?

ಎಪಿಸೋಡ್ ಎಣಿಸಿಯೇ ದುಡ್ಡು ಕೊಡಿ, ಒಟ್ಟು 15 ಇರಬೇಕು. ಟಿವಿಯಲ್ಲಿ ಚಿತ್ರದ ಅಗಲ-ಎತ್ತರದ ಅನುಪಾತ 4:3ಕ್ಕೆ ಇಡಿ, ಇಲ್ಲದಿದ್ದರೆ ಮುಖ ಅಡ್ಡಡ್ಡ ಎಳೆದಂತೆ ಕಾಣುತ್ತೆ. ಕೈಕಾಲು ಆಡಿಸುವಾಗ ಅಂಚಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬಂದರೆ ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ (ಆ ಗೆರೆ ಹೋಗಲಾಡಿಸುವ ಆಯ್ಕೆ) ಆನ್ ಮಾಡಿ.

ನಮ್ಮೂರ ಧೂಳು ಗೊತ್ತಲ್ಲ. ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಿ ಉಜ್ಜಿದರೆ ಗೀರು ಟ್ರ್ಯಾಕ್ (ಮಾಹಿತಿ ಬರೆದಿರೋ ಸುರುಳಿ ಗೆರೆ) ಗುಂಟವೇ ಬೀಳುತ್ತೆ. ಅಷ್ಟುದ್ದ ಅಳಿಸಿದ್ದನ್ನು ಪ್ಲೇಯರ್ ಸರಿಪಡಿಸಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತೆ.