ಕೆಲಸ ಇಲ್ಲದೇನೇ ದೀರ್ಘಾಯುಷ್ಯ ಪಡೆದ ಯುದ್ಧನೌಕೆ

ಹಳೇ ಹಡಗಿನ ಹುಚ್ಚು ಇರೋರು ಮಾತು ಶುರು ಮಾಡಿದ್ರೆ ಬ್ರಿಟಿಷ್ ನೌಕಾಪಡೆಯ ನೆಲ್ಸನ್‌ನ ವಿಕ್ಟರಿ ಹಡಗಿಗೇ ಹೋಗಿ ನಿಲ್ತಾರೆ. ನಂಗೆ ಮಾತ್ರ ಅದೇ ನೌಕಾಪಡೆಯ ಎಚ್ಎಂಎಸ್ ಟ್ರಿಂಕೋಮಲಿ ಅಂದ್ರೆ ಒಂದು ಕೈ ಜಾಸ್ತಿ ಪ್ರೀತಿ. ಬಾಂಬೆಯಲ್ಲಿ ಹಡಗು ಕಟ್ಟೋ ಪಾರ್ಸಿ ವಾಡಿಯಾ ಮನೆತನದವ್ರು ಮಲಬಾರಿನ ತೇಗದಲ್ಲಿ ಕಟ್ಟಿದ ಫ್ರಿಗೇಟ್ (ವೇಗದ ಹಾಯಿ ಯುದ್ಧನೌಕೆ) ಇದು, ನೀರಿಗಿಳಿದಿದ್ದು 1817ರ ಅಕ್ಟೋಬರ್ 12ಕ್ಕೆ.

ಕಟ್ಟೋಕೆ ಮುಂಚೇನೇ ವಿಘ್ನ. ಇದರ ನಕ್ಷೆ ಹೊತ್ತು ಇಂಗ್ಲೆಂಡಿಂದ ಹೊರಟಿದ್ದ ಜಾವಾ ಅನ್ನೋ ಹಡಗನ್ನ 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಹತ್ರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಅನ್ನೋ ಯುದ್ಧನೌಕೆ ಬಡಿದು ಹಾಕ್ತು, ನಕ್ಷೇನೂ ಅದರ ಜೊತೆಗೇ ಹೋಯ್ತು. ಇನ್ನೊಂದು ಕಾಪಿ ಬಂದು, 1816ರಲ್ಲಿ ಪಾರ್ಸಿ ಪದ್ಧತಿ ಪ್ರಕಾರ ಕೀಲ್‌ಗೆ, ಅಂದ್ರೆ ಹಡಗಿನ ತಳದ ಬೆನ್ನೆಲುಬಿನಂಥ ತೊಲೆಗೆ, ಬೆಳ್ಳಿ ಮೊಳೆ ಹೊಡೆದು ಕೆಲಸ ಶುರು ಮಾಡೋ ಹೊತ್ತಿಗೆ ನೆಪೋಲಿಯನ್ ಸೋತು ಗಡಿಪಾರಾಗಿ ಸೇಂಟ್ ಹೆಲೆನಾ ದ್ವೀಪ ಸೇರಿ ಆಗಿತ್ತು. ಅಂದ್ರೆ ಯುದ್ಧ ಮುಗಿದ ಮೇಲೆ ಯುದ್ಧನೌಕೆ ರೆಡಿ!

1819ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ತಲುಪಿದ್ದೇ ತಡ, ಹಾಯಿ ಕಟ್ಟೋ ಕೂವೆ ಕಂಬ ಎಲ್ಲ ಕಿತ್ತು, ಡೆಕ್ ಮೇಲೆ ಚಾವಣಿ ಹೊದಿಸಿ ಮೂಲೆಗೆ ಕಟ್ಟಿಹಾಕಿದ್ರು, 25 ವರ್ಷಕ್ಕೂ ಜಾಸ್ತಿ. ಓಕ್ ಮರ ಆಗಿದ್ರೆ ಅಷ್ಟರಲ್ಲಿ ಅದರ ಕಥೆ ಏನಾಗ್ತಿತ್ತೋ, ಯಾಕಂದ್ರೆ ಓಕ್‌ನಲ್ಲಿರೋ ಆಸಿಡ್ ಕಬ್ಬಿಣದ ಬೋಲ್ಟುಗಳನ್ನ ತಿಂದು ಹಾಕತ್ತೆ, ಬೋಲ್ಟ್ ಸಡಿಲ ಆಯ್ತು ಅಂದ್ರೆ ಹಲಗೆ ಬಾಯಿ ಬಿಡತ್ತೆ. ತೇಗದಲ್ಲಿ ಎಣ್ಣೆ ಅಂಶ ಇರೋದ್ರಿಂದ ಕಬ್ಬಿಣಾನೂ ಬಾಳಿಕೆ ಬರತ್ತೆ, ಮರಾನೂ ಬೇಗ ಕೊಳೆಯಲ್ಲ.

ಆಮೇಲೆ ಫಿರಂಗಿಗಳನ್ನ 26ಕ್ಕೆ ಇಳಿಸಿ, ಹಿಂಭಾಗದ ಆಕಾರಾನೇ ಬದಲಾಯಿಸಿ ಕಾರ್ವೆಟ್, ಅಂದ್ರೆ ಫ್ರಿಗೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಯುದ್ಧನೌಕೆ, ಮಾಡಿದ್ರು. 1847ರಿಂದ ಉತ್ತರ ಅಮೆರಿಕ, ವೆಸ್ಟ್ ಇಂಡೀಸ್ ಕಡೆ ಗಸ್ತು, 1852ರಿಂದ 1857ರ ತನಕ ಪೆಸಿಫಿಕ್. ಮಧ್ಯೆ ಕ್ರಿಮಿಯಾ ಯುದ್ಧ ಬಂತು, ಆದ್ರೂ ಇದಕ್ಕೆ ಹೇಳಿಕೊಳ್ಳೋ ಅಂಥ ಕಾಳಗ ಒಂದೂ ಸಿಗಲಿಲ್ಲ ಪಾಪ. ಸಮುದ್ರದ ಮೇಲೆ ನಿಜವಾಗಿ ದುಡಿದಿದ್ದು ಹೆಚ್ಚುಕಡಿಮೆ ಹತ್ತು ವರ್ಷ ಅಷ್ಟೇ.

ಉಳಿದಿದ್ದೆಲ್ಲ ಮೇಷ್ಟ್ರು ಕೆಲಸ. ಸಂಡರ್‌ಲ್ಯಾಂಡ್, ಹಾರ್ಟಲ್‌ಪೂಲ್ ಅಂತ ತಿರುಗಿ ಟ್ರೈನಿಂಗ್ ಹಡಗಾಯ್ತು, 1897ರಲ್ಲಿ ಗುಜರಿಗೂ ಮಾರಿದ್ರು. ಅದೇ ವರ್ಷ ವೀಟ್ಲಿ ಕಾಬ್ ಅನ್ನೋರ ಫೂಡ್ರೊಯಾಂಟ್ ಹಡಗು ಬ್ಲ್ಯಾಕ್‌ಪೂಲ್ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದುಹೋಗಿತ್ತು, ಅವ್ರು ಇದನ್ನ ಕೊಂಡು ಆ ಹೆಸರನ್ನ ಇದಕ್ಕೇ ಇಟ್ಟುಬಿಟ್ರು. ಆ ಹೆಸರಲ್ಲೇ 1986ರ ತನಕ ಹುಡುಗರಿಗೆ ಸಮುದ್ರದ ಪಾಠ ಹೇಳಿಕೊಡ್ತು. 1987ರಲ್ಲಿ ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಮೇಲೆ ಹೊತ್ತುಕೊಂಡು ಹಾರ್ಟಲ್‌ಪೂಲ್‌ಗೆ ತಂದು ರಿಪೇರಿಗೆ ಕೈ ಹಾಕಿದ್ರು, 1992ರಲ್ಲಿ ಹಳೇ ಹೆಸರು ವಾಪಸ್ ಬಂತು, ಕೆಲಸ ಮುಗಿಯೋಕೆ 2001 ಆಯ್ತು.

ಬ್ರಿಟನ್ನಿನಲ್ಲಿ ಇವತ್ತಿಗೂ ನೀರಲ್ಲಿ ತೇಲ್ತಿರೋ ಯುದ್ಧನೌಕೆಗಳಲ್ಲಿ ಇದೇ ಹಳೇದು. ವಿಕ್ಟರಿ ಇದಕ್ಕಿಂತ ಹಳೇದು, ಒಪ್ತೀನಿ, ಆದ್ರೆ ಅದು 1922ರಿಂದ ನೀರಿಲ್ಲದ ಕಟ್ಟೆಯಲ್ಲಿ, ಅಂದ್ರೆ ಡ್ರೈ ಡಾಕ್‌ನಲ್ಲಿ, ಕೂತಿದೆ. ಇನ್ನೊಂದು ತಮಾಷೆ ನೋಡಿ, ಇದು ಸೇರಿದ ಲೀಡಾ ಅನ್ನೋ ಜಾತಿಯ ಫ್ರಿಗೇಟ್‌ಗಳಲ್ಲಿ ಇದನ್ನ ಬಿಟ್ರೆ ಉಳಿದಿರೋದು ಸ್ಕಾಟ್ಲೆಂಡಿನ ಡಂಡೀಲಿರೋ ಯೂನಿಕಾರ್ನ್ ಒಂದೇ, 1824ರಲ್ಲಿ ನೀರಿಗಿಳಿಸಿದ ಅದಕ್ಕಂತೂ ಕೂವೆ ಕಂಬಾನೇ ನಿಲ್ಲಿಸಲಿಲ್ಲ, ಸೀದಾ ಚಾವಣಿ ಹಾಕಿ ಕೂರಿಸಿದ್ರು.